ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಾಣೆ ಅಂಗಡಿ: ಡ್ರಿಲ್ ಮೊಂಡಾದ್ರೆ ಹೋಗಿ, ಅರ್ಜೆಂಟಿದ್ರೆ ಬೇಡ

ಮೊದ್ಲೇ ಹೇಳ್ಬಿಡ್ತೀನಿ, ಇದು ಚಾಕು ಕತ್ತರಿ ಸಾಣೆ ಹಿಡಿಯೋ ಅಂಗಡಿ ಅಲ್ಲ, ಮನೆ ಈಳಿಗೆಮಣೆ ತಗೊಂಡ್ ಹೋಗಿ ಬೈಸ್ಕೋಬೇಡಿ. ಇದು ಟೂಲ್ ರೀಗ್ರೈಂಡಿಂಗ್ ಶಾಪು. ವರ್ಕ್‌ಶಾಪಲ್ಲಿ ಓಡಿ ಓಡಿ ಮೊಂಡಾಗಿರೋ ಡ್ರಿಲ್ಲು, ಎಂಡ್ ಮಿಲ್ಲು (ಲೋಹ ಕೆತ್ತೋ ಹಲ್ಲಿನ ಟೂಲು), ರೀಮರ್ರು (ತೂತನ್ನ ಸರಿಯಾದ ಅಳತೆಗೆ ತರೋದು) ಇವನ್ನೆಲ್ಲ ಮತ್ತೆ ಹರಿತ ಮಾಡಿ ಕೊಡ್ತಾರೆ. ನಂದು ಅಲ್ಲೇ ಎರಡು ರೋಡ್ ಆಚೆ ಚಿಕ್ಕ ಯೂನಿಟ್ಟು, ಒಂದು ವಿಎಂಸಿ, ಒಂದು ಸಿಎನ್‌ಸಿ ಲೇತು (ಎರಡೂ ಕಂಪ್ಯೂಟರ್ ಹೇಳಿದಂಗೆ ಲೋಹ ಕತ್ತರಿಸೋ ಮೆಷಿನ್ನು), ಒಂದು ಅಜ್ಜನ ಕಾಲದ ರೇಡಿಯಲ್ ಡ್ರಿಲ್ಲು, ಲಾರಿಗೆ ಹೋಗೋ ಪಾರ್ಟು ಜಾಬ್‌ವರ್ಕ್ ಮಾಡ್ತೀವಿ, ಅಂದ್ರೆ ದೊಡ್ಡ ಕಂಪನಿಗೆ ಕೂಲಿ ಲೆಕ್ಕದಲ್ಲಿ. ಈ ಅಂಗಡಿಗೆ 2019ರಿಂದ ಹೋಗ್ತಾ ಇದ್ದೀನಿ, ಆದ್ರಿಂದ ಒಂದ್ಸಲ ಹೋಗ್ಬಂದು ಬರೆಯೋ ರಿವ್ಯೂ ಅಲ್ಲ ಇದು, ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ರೆ ಓದಿ.

ಜಾಗ ಹುಡುಕೋದೇ ಒಂದು ಕೆಲ್ಸ. ಬೋರ್ಡಿನ ಪೇಂಟ್ ಉದುರಿಹೋಗಿದೆ, ಮ್ಯಾಪಲ್ಲಿ ಬರಲ್ಲ, ಒಂದು ಶೀಟಿನ ಶೆಡ್ಡು, ಮುಂದೆ ಹೊಂಗೆ ಮರ, ಅದರ ಕೆಳಗೆ ಯಾವಾಗ್ಲೂ ಒಂದು ಟಿವಿಎಸ್ ಎಕ್ಸೆಲ್ಲು ನಿಂತಿರುತ್ತೆ, ಅದೇ ಗುರುತು. ಒಳಗೆ ಓನರ್ ಅಣ್ಣ, ಪಾಂಡವಪುರ ಕಡೆಯೋರು, ಅರವತ್ತರ ಹತ್ರ ವಯಸ್ಸು, ಜೊತೆಗೊಬ್ಬ ಹುಡುಗ. ಕುರ್ಚಿ ಒಂದೇ, ಅದ್ರಲ್ಲೂ ಬಾಕ್ಸ್ ಇಟ್ಟಿರ್ತಾರೆ, ನಿಂತ್ಕೊಂಡೇ ಮಾತಾಡ್ಬೇಕು.

ಕೆಲ್ಸ ಹೆಂಗೆ ಅಂತ ಕೇಳಿದ್ರೆ, ಡ್ರಿಲ್ ವಿಷಯದಲ್ಲಿ ಸಕ್ಕತ್. ನೀವು ಡ್ರಿಲ್ ಕೊಟ್ಟ ತಕ್ಷಣ ಏನೂ ಮಾತಾಡಲ್ಲ, ಬಾಗ್ಲು ಕಡೆ ತಿರುಗಿ ಬೆಳಕಿಗೆ ಹಿಡೀತಾರೆ, ಹೆಬ್ಬೆರಳಿನ ಉಗುರ ಮೇಲೆ ತುದಿ ಇಟ್ಟು ಮೆಲ್ಲಗೆ ತಳ್ಳಿ ನೋಡ್ತಾರೆ, ಉಗುರು ಕಚ್ಚಿದ್ರೆ ಇನ್ನೂ ಜೀವ ಇದೆ, ಜಾರಿದ್ರೆ ಮೊಂಡು. ಆಮೇಲೆ ಭೂತಗನ್ನಡಿ. ಎರಡೂ ಕಡೆ ಅಂಚು ಒಂದೇ ಎತ್ತರಕ್ಕೆ ಬರ್ಬೇಕು, ಒಂದು ಕಡೆ ಕೂದಲೆಳೆ ಜಾಸ್ತಿ ಆದ್ರೂ ತೂತು ದೊಡ್ಡದಾಗುತ್ತೆ. ಸಾದಾ ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಡ್ರಿಲ್ಲಿಗೆ 118 ಡಿಗ್ರಿ ಮೂತಿ, ಕಾರ್ಬೈಡಿಗೆ (ಅದಕ್ಕಿಂತ ಗಟ್ಟಿ, ಆದ್ರೆ ಬೇಗ ಒಡೆಯೋದು) ಸಾಮಾನ್ಯವಾಗಿ 140, ನಾನು ಹೇಳೋದೇ ಬೇಡ, ಕೈಗೆ ತಗೊಂಡ್ರೆ ಅವ್ರಿಗೆ ಗೊತ್ತಾಗುತ್ತೆ. ಎಚ್‌ಎಸ್‌ಎಸ್‌ಗೆ ಬಿಳಿ ಕಲ್ಲು, ಕಾರ್ಬೈಡಿಗೆ ಡೈಮಂಡ್ ವೀಲು. ಹುಡುಗ ಒಂದ್ಸಲ ಬಿಸಿ ಕಾರ್ಬೈಡ್ ಡ್ರಿಲ್ನ ನೀರಿಗೆ ಅದ್ದಕ್ಕೆ ಹೋದಾಗ ಅಣ್ಣ ಕೂಗಿದ ಕೂಗಿಗೆ ಪಕ್ಕದ ಶೆಡ್ಡಿಂದ ಇಬ್ಬರು ಓಡ್ಬಂದ್ರು. ಬಿಸಿ ಕಾರ್ಬೈಡಿಗೆ ತಣ್ಣೀರು ತಾಗಿದ್ರೆ ಕಣ್ಣಿಗೆ ಕಾಣದಂಗೆ ಬಿರುಕು ಬಿಡುತ್ತೆ, ಆಮೇಲೆ ಮೆಷಿನ್ನಲ್ಲಿ ಹಾಕ್ದಾಗ ಪಟ್ ಅಂತ ಒಡೆಯುತ್ತೆ, ಅದೂ ಸರಿಯಾಗಿ ಪಾರ್ಟ್ ಮಧ್ಯದಲ್ಲಿ. ರೇಟು ಹೊಸ ಕಾರ್ಬೈಡ್ ಡ್ರಿಲ್ಲಿನ ಬೆಲೆಯಲ್ಲಿ ಕಾಲು ಭಾಗಕ್ಕಿಂತ ಕಮ್ಮಿ. ಕೋಟಿಂಗ್ ಇವ್ರು ಮಾಡಲ್ಲ, ಅದು ಬೇಕಂದ್ರೆ ಬೆಂಗಳೂರಿಗೆ ಕಳಿಸ್ಬೇಕು.

ಇನ್ನು ನಾನ್ ಇಲ್ಲಿಗೆ ಬಂದಿದ್ದು ಹೆಂಗೆ ಅಂದ್ರೆ, ನಿಜ ಹೇಳ್ತೀನಿ, ಬಡತನ ಬಂದಾಗ. 2018ರವರೆಗೆ ಡ್ರಿಲ್ ಮೊಂಡಾದ್ರೆ ಡಬ್ಬಕ್ಕೆ ಎಸೀತಿದ್ವಿ, ಗುಜರಿಯೋನು ಬಂದು ಕೆಜಿ ಲೆಕ್ಕದಲ್ಲಿ ತಗೊಂಡ್ ಹೋಗ್ತಿದ್ದ. ಕಂಪನಿ ಶೆಡ್ಯೂಲ್ (ತಿಂಗಳಿಗೆ ಎಷ್ಟು ಪಾರ್ಟ್ ಬೇಕು ಅನ್ನೋ ಆರ್ಡರ್) ಕೊಡ್ತಾ ಇತ್ತು, ಎರಡು ಶಿಫ್ಟ್ ಓಡಿಸ್ತಿದ್ವಿ, ಹುಡುಗ್ರು ಓಟಿ ಬೇಡ ಸಾರ್ ಅಂತ ಕೈ ಮುಗೀತಿದ್ರು, ಆವಾಗ ಹೊಸ ಡ್ರಿಲ್ ತಗೊಳ್ಳೋದೇ ಸಲೀಸು, ಯಾರು ಹೋಗಿ ಸಾಣೆ ಹಿಡಿಸ್ತಾರೆ.

ಆಮೇಲೆ ಶುರುವಾಯ್ತು. 2018 ಜುಲೈಯಲ್ಲಿ ಸರ್ಕಾರ ಲಾರಿಗಳ ಆಕ್ಸಲ್ ಲೋಡ್ ಲಿಮಿಟ್ಟು ಏರಿಸ್ತು, ಸುಮಾರು 20-25 ಪರ್ಸೆಂಟ್ ಜಾಸ್ತಿ ಹೊರಬಹುದು ಅಂತ. ಲಾರಿ ಓನರ್‌ಗೆ ಖುಷಿ, ನಮಗಲ್ಲ. 10 ಲಾರಿ ಹೊರೋ ಮಾಲು 8 ಲಾರಿ ಹೊತ್ರೆ ಇನ್ನೆರಡು ಲಾರಿ ಯಾಕೆ ಕೊಳ್ತಾನೆ, ಕೊಳ್ಳದೆ ಇದ್ರೆ ಅದಕ್ಕೆ ಆಕ್ಸಲ್ ಯಾಕೆ, ಆಕ್ಸಲ್ ಇಲ್ಲಾಂದ್ರೆ ನನ್ ಪಾರ್ಟ್ ಯಾಕೆ. ಸೆಪ್ಟೆಂಬರಲ್ಲಿ ಐಎಲ್ ಅಂಡ್ ಎಫ್‌ಎಸ್ ಅನ್ನೋ ದೊಡ್ಡ ಫೈನಾನ್ಸ್ ಕಂಪನಿ ಸಾಲ ತೀರಿಸಕ್ಕಾಗದೆ ಕೈ ಎತ್ತಿತು, ಬೇರೆ ಫೈನಾನ್ಸ್ ಕಂಪನಿಗಳು ಸಾಲ ಬಿಗಿ ಮಾಡಿದ್ವು, ಲಾರಿ ಬೈಕು ಎಲ್ಲಾ ಸಾಲದ ಮೇಲೇ ತಾನೇ ಹೋಗೋದು. ಅದೇ ತಿಂಗಳಿಂದ ಹೊಸ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ ಸಲ ಕಟ್ಬೇಕು ಅಂತಾಯ್ತು. ಮೇಲಿಂದ 2020 ಏಪ್ರಿಲಿಗೆ ಬಿಎಸ್ 6 ಅನ್ನೋ ಹೊಸ ಹೊಗೆ ನಿಯಮ ಬರುತ್ತೆ ಅಂತ ಜನ ಕಾದು ಕೂತ್ರು. 2019ರ ಆಗಸ್ಟಲ್ಲಿ ದೇಶದಲ್ಲಿ ಮಾರಾಟ ಆದ ಕಾರು, ವ್ಯಾನು, ಎಸ್‌ಯುವಿ ಎಲ್ಲಾ ಸೇರಿ 1,96,524, ಹಿಂದಿನ ಆಗಸ್ಟಲ್ಲಿ 2,87,198, ಅಂದ್ರೆ 31 ಪರ್ಸೆಂಟಿಗಿಂತ ಜಾಸ್ತಿ ಇಳಿತ. ದೊಡ್ಡ ಲಾರಿಗಳ ಕಥೆ ಇನ್ನೂ ಕೆಟ್ಟದು, ಅರ್ಧಕ್ಕಿಂತ ಕೆಳಗೆ. ಆ ಏಪ್ರಿಲ್-ಜೂನ್ ಕ್ವಾರ್ಟರಲ್ಲಿ ಮ್ಯಾನುಫ್ಯಾಕ್ಚರಿಂಗ್ ಬೆಳೆದಿದ್ದು 0.6 ಪರ್ಸೆಂಟು, ಹಿಂದಿನ ವರ್ಷ ಅದೇ ಮೂರು ತಿಂಗಳಲ್ಲಿ 12.1 ಇತ್ತು. ಪೇಪರಲ್ಲಿ ಇದು ಬರೋ ಹೊತ್ತಿಗೆ ನಂ ಸೆಕೆಂಡ್ ಶಿಫ್ಟು ನಿಂತು ಎರಡು ತಿಂಗಳಾಗಿತ್ತು.

ಕಂಪನಿಯಿಂದ ಮೇಲ್ ಬರೋದು, ಈ ತಿಂಗಳು ಇಷ್ಟು ದಿನ ನಾನ್ ವರ್ಕಿಂಗ್ ಡೇ, ಶೆಡ್ಯೂಲ್ ರಿವೈಸ್ಡ್. ರಿವೈಸ್ಡ್ ಅನ್ನೋ ಪದ ನೋಡಿದ್ರೆ ಈಗ್ಲೂ ಹೊಟ್ಟೆ ಕಲಸುತ್ತೆ ನಂಗೆ. ಖರ್ಚು ಎಲ್ಲೆಲ್ಲಿ ಕಮ್ಮಿ ಮಾಡ್ಬಹುದು ಅಂತ ಕೂತು ಲೆಕ್ಕ ಹಾಕ್ದಾಗ ಟೂಲ್ ಬಿಲ್ ಕಣ್ಣಿಗೆ ಬಿತ್ತು, ಡಬ್ಬದಲ್ಲಿ ಮೂವತ್ತು ಚಿಲ್ಲರೆ ಮೊಂಡು ಡ್ರಿಲ್ಲು ಬಿದ್ದಿದ್ವು, ಗುಜರಿಯೋನು ಬರೋಕೆ ಮುಂಚೆ ಎತ್ಕೊಂಡು ಈ ಅಣ್ಣನ ಹತ್ರ ಓಡಿದೆ. ಹೋಗ್ ನೋಡಿದ್ರೆ ಕ್ಯೂ! ಸ್ಕೂಟರ್ ಮೇಲೆ ಡಬ್ಬ ಇಟ್ಕೊಂಡು ನನ್ ಥರದೋರೇ ಏಳೆಂಟು ಜನ, ಕೂರ್ಗಳ್ಳಿ ಹೂಟಗಳ್ಳಿ ಕಡೆಯೋರೂ ಇದ್ರು, ಮುಖ ನೋಡ್ಕೊಂಡು ಎಲ್ಲರೂ ನಾಚ್ಕೊಂಡಂಗೆ ನಕ್ವಿ.

ಅಣ್ಣ ಅವತ್ತು ಹೇಳಿದ್ದು: "ದುಡ್ಡಿದ್ದಾಗ ಎಲ್ರೂ ಹೊಸಾದು ತಗತಿದ್ರಿ ಕಣಪ್ಪಾ, ಕೆಲ್ಸ ಬಿತ್ತಲ್ಲ, ಈಗ ನಾನ್ ನೆಪ್ಪಾದೆ." ಕೋಪ ಏನಿಲ್ಲ, ಖುಷಿಯಾಗೇ ಹೇಳಿದ್ರು, ಪಾಪ ಅವ್ರಿಗೆ ಸೀಸನ್ನು.

ಆದ್ರೆ ಆ ಸೀಸನ್ನು ಎಷ್ಟು ದಿನ ಅಂತ ಗೊತ್ತಾಗಿದ್ದು ಅವ್ರ ನೋಟ್‌ಬುಕ್ ನೋಡ್ದಾಗ. ಅಣ್ಣ ಎಲ್ಲಾನೂ ಒಂದು ಉದ್ದದ ಲೆಕ್ಕದ ಪುಸ್ತಕದಲ್ಲಿ ಬರೀತಾರೆ, ತಾರೀಖು, ಯಾರು, ಯಾವ ಸೈಜು, ಎಷ್ಟು ಪೀಸು. ನಂ ಹಳೇ ಬಾಕಿ ಹುಡುಕಕ್ಕೆ ಅಂತ ತೆಗೆದು ಕೊಟ್ರು, ನಾನ್ ಸುಮ್ನೆ ತಿರುವ್ತಾ ಹೋದೆ. 2019 ಜೂನ್ ಜುಲೈ ಆಗಸ್ಟು ಪುಟ ಪುಟ ತುಂಬಿದೆ, ಮಾರ್ಜಿನ್ನಲ್ಲೂ ಬರ್ದಿದಾರೆ, ಗ್ರೀಸ್ ಬೆರಳಿನ ಗುರುತು ಮೂಲೆ ಮೂಲೆಯಲ್ಲಿ. ಸೆಪ್ಟೆಂಬರ್ ಕೊನೆಗೆ ಬಂದ್ರೆ ದಿನಕ್ಕೆ ನಾಲ್ಕು ಸಾಲು. ಅಕ್ಟೋಬರಲ್ಲಿ ಒಂದೊಂದು ದಿನ ಬರೀ ತಾರೀಖು, ಕೆಳಗೆ ಏನೂ ಇಲ್ಲ, ಪುಟ ಕ್ಲೀನಾಗಿದೆ, ಗ್ರೀಸೂ ಇಲ್ಲ. ಇದೇನಣ್ಣ, ಎಲ್ಲಾ ಹೊಸ ಡ್ರಿಲ್ ತಗೊಂಡ್ರಾ ಅಂದೆ. "ಎಲ್ಲಿ ತಗಂಡ್ರು, ಡ್ರಿಲ್ ಮೊಂಡಾಗಕ್ಕೂ ಕೆಲ್ಸ ಇರ್ಬೇಕಲ್ಲಪ್ಪಾ" ಅಂದ್ರು.

ಇದನ್ನ ಎಕನಾಮಿಕ್ಸ್ ಓದಿರೋ ನನ್ ಭಾಮೈದನಿಗೆ ಹೇಳ್ದೆ. ಅವ್ನು ಪಿಎಂಐ ಅಂತ ಶುರು ಮಾಡ್ದ, ಕಂಪನಿಗಳ ಪರ್ಚೇಸ್ ಮ್ಯಾನೇಜರ್‌ಗಳನ್ನ ಕೇಳ್ತಾರಂತೆ, ಹೊಸ ಆರ್ಡರ್ ಹೆಂಗೆ, ಪ್ರೊಡಕ್ಷನ್ ಹೆಂಗೆ, ಜನ ತಗೊಂಡ್ರಾ ತೆಗೆದ್ರಾ, 50ರ ಮೇಲಿದ್ರೆ ಬೆಳವಣಿಗೆ, ಕೆಳಗಿದ್ರೆ ಇಳಿತ. ಆಮೇಲೆ ಐಐಪಿ ಅಂತೆ, ದೇಶದ ಕೈಗಾರಿಕಾ ಉತ್ಪಾದನೆಯ ಸೂಚ್ಯಂಕ, ಅದ್ರಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಮ್ಯಾನುಫ್ಯಾಕ್ಚರಿಂಗೇ ಅಂತೆ, ಆವಾಗ ಅದು ಬರೋಕೆ ಒಂದೂವರೆ ತಿಂಗಳು ಹಿಡೀತಿತ್ತು. ಸರಿನಪ್ಪ, ಆದ್ರೆ ಅಣ್ಣನ ಪುಸ್ತಕ ಅದಕ್ಕಿಂತ ಮುಂಚೆ ಎರಡು ಸಲ ಹೇಳಿತ್ತಲ್ಲ, ತುಂಬಿದಾಗ ಒಂದ್ಸಲ, ಖಾಲಿಯಾದಾಗ ಒಂದ್ಸಲ. ತುಂಬಿದ್ದನ್ನ ನೋಡಿ ಯಾರಾದ್ರೂ ವ್ಯಾಪಾರ ಜೋರು ಅಂದ್ಕೊಂಡಿದ್ರೆ ಕೆಟ್ರು.

2019 ಸೆಪ್ಟೆಂಬರ್ 20, ಶುಕ್ರವಾರ, ನಂಗೆ ನೆನಪಿದೆ ಯಾಕಂದ್ರೆ ಅವತ್ತು ಅಂಗಡಿಯಲ್ಲೇ ಇದ್ದೆ, ಹುಡುಗನ ಮೊಬೈಲಲ್ಲಿ ನ್ಯೂಸ್ ಬಂತು, ನಿರ್ಮಲಾ ಸೀತಾರಾಮನ್ ಗೋವಾದಲ್ಲಿ ಕಾರ್ಪೊರೇಟ್ ಟ್ಯಾಕ್ಸ್ 30ರಿಂದ 22ಕ್ಕೆ ಇಳಿಸಿದ್ರು, ಹೊಸ ಫ್ಯಾಕ್ಟರಿ ಹಾಕಿದ್ರೆ 15. ಶೇರು ಮಾರ್ಕೆಟ್ ಹಾರಿತು. ನಂದು ಪ್ರೊಪ್ರೈಟರ್‌ಶಿಪ್ಪು, ಒಬ್ಬನದೇ ಯೂನಿಟ್ಟು, ಕಂಪನಿ ಅಲ್ಲ, ನನಗೆ ಅದ್ರಲ್ಲಿ ಒಂದು ಪೈಸೆ ಇಲ್ಲ, ಇದ್ರೂ ಲಾಭ ಬಂದ್ರೆ ತಾನೇ ಟ್ಯಾಕ್ಸು. ಅದೇ ದಿನ ಅದೇ ಗೋವಾದಲ್ಲಿ ಜಿಎಸ್‌ಟಿ ಕೌನ್ಸಿಲ್ ಮೆಷಿನ್ ಜಾಬ್‌ವರ್ಕಿನ ಟ್ಯಾಕ್ಸ್ 18ರಿಂದ 12ಕ್ಕೆ ಇಳಿಸ್ತು, ಅಕ್ಟೋಬರ್ 1ರಿಂದ. ಅದು ನಮ್ಗೆ ಸಂಬಂಧಪಟ್ಟಿದ್ದು, ಕಂಪನಿ ದುಡ್ಡು ಕೊಡೋ ಮುಂಚೆ ನಾವು ಕೈಯಿಂದ ಕಟ್ತಿದ್ದ ಜಿಎಸ್‌ಟಿ ಅಷ್ಟು ಕಮ್ಮಿ ಆಯ್ತು, ಆದ್ರೆ ಅದ್ನ ಯಾವ ಟಿವಿನೂ ಎತ್ತಿ ತೋರಿಸ್ಲಿಲ್ಲ.

ಆ ವರ್ಷ ಆಯುಧ ಪೂಜೆ ಅಕ್ಟೋಬರ್ 7ಕ್ಕೆ. ಮೈಸೂರಲ್ಲಿ ಆ ದಿನ ಇಂಡಸ್ಟ್ರಿಯಲ್ ಏರಿಯಾ ನೋಡ್ಬೇಕು ನೀವು, ದಸರಾ ಮೆರವಣಿಗೆಗಿಂತ ನಂಗೆ ಅದೇ ಇಷ್ಟ, ಪ್ರತಿ ಶೆಡ್ಡಿಗೂ ಬಾಳೆಕಂದು, ಮೆಷಿನ್‌ಗೆ ಕುಂಕುಮ, ಸೇವಂತಿಗೆ, ರೋಡ್ ತುಂಬ ಒಡೆದ ಬೂದುಗುಂಬಳ, ಪುರಿ ಸಿಹಿ ಹಂಚೋದು. ಆ ಸಲ ಎಷ್ಟೋ ಶೆಡ್ಡು ಶಟರ್ ಅರ್ಧ ಎತ್ತಿ, ಒಂದು ನಿಂಬೆಹಣ್ಣು ಇಟ್ಟು ಮುಗಿಸಿದ್ರು. ಈ ಅಣ್ಣ ಮಾತ್ರ ಗ್ರೈಂಡಿಂಗ್ ವೀಲಿಗೆ ಹೂ ಕಟ್ಟಿ, ಹುಡುಗನಿಗೆ ಹೊಸ ಶರ್ಟ್ ಕೊಡ್ಸಿ, ಬಂದೋರಿಗೆಲ್ಲ ಕಡ್ಲೆ ಪುರಿ ಕೊಟ್ರು. ಮುಂದಿನ ಏಪ್ರಿಲಲ್ಲಿ ಲಾಕ್‌ಡೌನು, ಪಿಎಂಐ 27.4ಕ್ಕೆ ಬಿತ್ತು, 2020ರ ಏಪ್ರಿಲ್-ಜೂನಲ್ಲಿ ಮ್ಯಾನುಫ್ಯಾಕ್ಚರಿಂಗ್ 39.3 ಪರ್ಸೆಂಟ್ ಕುಸೀತು ಅಂತ ಮೊದಲ ಲೆಕ್ಕ ಬಂತು. ಆ ತಿಂಗಳ ಪುಟಗಳೇ ಪುಸ್ತಕದಲ್ಲಿ ಇಲ್ಲ, ತಾರೀಖು ಹಾಕೋಕೂ ಯಾರೂ ಶೆಡ್ಡಿಗೆ ಬಂದಿರ್ಲಿಲ್ಲ.

ಈಗ ಕಂಪ್ಲೇಂಟು. ಎಂಡ್ ಮಿಲ್ಲು, ಅದೂ 6 ಎಂಎಂಗಿಂತ ಸಣ್ಣದು, ದಯವಿಟ್ಟು ಇಲ್ಲಿ ಕೊಡ್ಬೇಡಿ. ಕೈ ಮೆಷಿನ್ನಲ್ಲಿ ಮಾಡ್ತಾರೆ, ನಾಲ್ಕು ಹಲ್ಲೂ ಒಂದೇ ಸಮ ಬರಲ್ಲ, ಫಿನಿಶ್‌ನಲ್ಲಿ ಗೆರೆ ಬೀಳುತ್ತೆ. ದೊಡ್ಡದ್ರಲ್ಲೂ ರೀಗ್ರೈಂಡ್ ಆದ್ಮೇಲೆ ಡಯಾ ಕಮ್ಮಿ ಆಗಿರುತ್ತೆ, ಅಳೆದು ಮೆಷಿನ್ನಲ್ಲಿ ಆಫ್‌ಸೆಟ್ (ಟೂಲಿನ ಅಳತೆ) ಬದಲಾಯಿಸ್ದೆ ಓಡಿಸಿದ್ರೆ ತಪ್ಪು ನಿಮ್ದೇ. ಎರಡನೇದು ಟೈಮು. ನಾಳೆ ಅಂದ್ರೆ ನಾಡಿದ್ದು, ನಾಡಿದ್ದು ಅಂದ್ರೆ ಸೋಮವಾರ. ಊರಲ್ಲಿ ಭತ್ತದ ನಾಟಿ ಇದ್ರೆ ವಾರ ಪೂರ್ತಿ ಇರಲ್ಲ, ನಾಲೆಗೆ ನೀರು ಬಿಟ್ಟಿದ್ದಾರಾ ಅಂತ ಪೇಪರ್ ನೋಡ್ಕೊಂಡು ಹೋಗಿ. ಮೂರನೇದು ಜೀವ ಹಿಂಡಿದ್ದು, ಒಂದ್ಸಲ 10.2 ಡ್ರಿಲ್ಲಿಗೆ ಮೂತಿ ಸ್ವಲ್ಪ ಓರೆ ಆಯ್ತು, ಎಂ12 ಟ್ಯಾಪಿಗೆ (ಥ್ರೆಡ್ ಕೊರೆಯೋ ಟೂಲು) ಮುಂಚೆ ಹೊಡೆಯೋ ತೂತು ಅದು, 10.5ಕ್ಕೆ ಹೋಗಿ ಥ್ರೆಡ್ ಸಡಿಲ, 40 ಪೀಸ್ ರಿಜೆಕ್ಟು. ಮೊದಲ ಪೀಸ್ ಚೆಕ್ ಮಾಡ್ದೆ ಬಿಟ್ಟಿದ್ದು ನನ್ ಆಪರೇಟ್ರು, ಅದೂ ನಿಜ. ಹೋಗಿ ತೋರಿಸ್ದೆ, ಅಣ್ಣ ಬೋಲ್ಟ್ ಹಾಕಿ ಅಲ್ಲಾಡಿಸಿ ನೋಡಿ, ಏನೂ ವಾದ ಮಾಡ್ದೆ ಮುಂದಿನ ಎರಡು ಬಾಕ್ಸಿಗೆ ದುಡ್ಡು ತಗೊಳ್ಲಿಲ್ಲ. ಕಂಪನಿ ನನಗೆ ಹಂಗೆ ಮಾಡಲ್ಲ, ಡೆಬಿಟ್ ನೋಟ್ ಹಾಕಿ ದುಡ್ಡು ಕಟ್ ಮಾಡುತ್ತೆ.

ದುಡ್ಡಿನ ವಿಷಯ ಬಂತಲ್ಲ, ಇದೂ ಕೇಳಿ. ಚಿಕ್ಕ ಯೂನಿಟ್ಟಿಗೆ 45 ದಿನದೊಳಗೆ ಪೇಮೆಂಟ್ ಮಾಡ್ಬೇಕು ಅಂತ 2006ರಿಂದ ಕಾನೂನೇ ಇದೆ, ತಡ ಆದ್ರೆ ಬ್ಯಾಂಕ್ ರೇಟಿನ ಮೂರರಷ್ಟು ಬಡ್ಡಿ, ಇತ್ತೀಚೆಗೆ ಟೈಮಿಗೆ ಕೊಡದೆ ಇದ್ರೆ ಆ ವರ್ಷ ಇನ್‌ಕಮ್ ಟ್ಯಾಕ್ಸಲ್ಲಿ ಖರ್ಚು ತೋರಿಸೋ ಹಂಗಿಲ್ಲ ಅಂತಾನೂ ಮಾಡಿದಾರೆ. ಆದ್ರೆ ಬಡ್ಡಿ ಕೇಳ್ದೋನಿಗೆ ಮುಂದಿನ ಶೆಡ್ಯೂಲ್ ಯಾರು ಕೊಡ್ತಾರೆ. ಸ್ಲೋ ಇರೋ ತಿಂಗಳಲ್ಲಿ ನಂಗೆ 90 ದಿನ, 120 ದಿನ ಆಗಿದೆ, ನಾನು ಅಣ್ಣನಿಗೆ ಹಂಗೇ ತಳ್ತೀನಿ, ಅಣ್ಣ ವೀಲ್ ಕೊಡೋನಿಗೆ ತಳ್ತಾರೆ. ಅಂಗಡಿಯಲ್ಲಿ ಕ್ಯಾಶು, ಫೋನ್‌ಪೇ ಎರಡೂ ನಡೆಯುತ್ತೆ, ಪರಿಚಯ ಆದ್ಮೇಲೆ ಬಾಕಿನೂ ನಡೆಯುತ್ತೆ, ಬಿಲ್ ಬೇಕಂದ್ರೆ ಮೊದ್ಲೇ ಹೇಳಿ, ಮಗಳು ಸಂಜೆ ಬಂದು ಮಾಡಿಕೊಡ್ತಾಳೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಕಟ್ ಮಾಡಿದ್ದು ಟೈಮಿಗೆ. ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ, ಟೀ ಕುಡಿದು ಮೂಡಲ್ಲಿರ್ತಾರೆ. ಡ್ರಿಲ್ಲುಗಳನ್ನ ಒಂದಕ್ಕೊಂದು ತಾಗದಂಗೆ ಪೇಪರ್ ಸುತ್ತಿ ತಗೊಂಡ್ ಹೋಗಿ, ಇಲ್ಲಾಂದ್ರೆ ಬೈತಾರೆ.

ಕಳೆದ ಮಂಗಳವಾರ ನಾನು ಹೋಗಿದ್ದೆ. ಡಬ್ಬ ಬಿಚ್ಚಿ ಟೇಬಲ್ ಮೇಲಿಟ್ಟೆ, ಅಣ್ಣ ಎಣಿಸಿ, ಪುಸ್ತಕ ತೆಗೆದು ಬರೆಯೋಕೆ ಹೋದೋರು ಪೆನ್ನು ಹಿಡ್ಕೊಂಡೇ ತಲೆ ಎತ್ತಿ "ನಾಕೇಯಾ?" ಅಂದ್ರು. ಹೂಂ ಅಣ್ಣ, ಈ ವಾರ ನಾಲ್ಕೇ ಅಂದೆ.