ಒರಟು ಮೈಯ ಎಫ್‌ಟಿಒ ಗಾಜು: ಹೇಜ್ ನೋಡಿ ಕೊಳ್ಳಿ, 700 ನ್ಯಾನೋಮೀಟರ್‌ನ ಹೇಜ್ ನೋಡಿ

ಎಫ್‌ಟಿಒ ಎಂದರೆ ಫ್ಲೋರಿನ್ ಬೆರೆತ ಟಿನ್ ಆಕ್ಸೈಡ್, ವಿದ್ಯುತ್ ಹರಿಸುವ ಪಾರದರ್ಶಕ ಲೇಪನ. ಹೇಜ್ ಎಂದರೆ ಹಾದುಹೋಗುವ ಬೆಳಕಿನಲ್ಲಿ ಚದುರುವ ಪಾಲು. ಅಮಾರ್ಫಸ್ (ಹರಳಿನ ಕ್ರಮವಿಲ್ಲದ) ಸಿಲಿಕಾನ್ ಸೌರಕೋಶಕ್ಕೆ ತಳವಾಗಿ ಈ ಲೇಪಿತ ಗಾಜಿಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಸಣ್ಣ ಹರಳುಗಳ ಮೈಕ್ರೋಕ್ರಿಸ್ಟಲೈನ್ ಸಿಲಿಕಾನ್‌ಗಾದರೆ ಎರಡೇ. ಲೇಪನ ಗಟ್ಟಿ, ಅಸಿಟೋನ್, ಐಸೊಪ್ರೊಪನಾಲ್‌ಗಳಲ್ಲಿ ಅಲ್ಟ್ರಾಸಾನಿಕ್ ತೊಳೆತಕ್ಕೆ ಜಗ್ಗುವುದಿಲ್ಲ.

ಎಡವುವುದು ಆಯ್ಕೆಯಲ್ಲಿ. ಟೆಕ್ 15, ಟೆಕ್ 8 ಎಂಬ ಎಫ್‌ಟಿಒ ಗಾಜುಗಳ ಹೆಸರಿನಲ್ಲಿರುವ ಅಂಕೆ ಹಾಳೆ ರೋಧದ್ದು, ಅಂದರೆ ತೆಳು ಲೇಪನದ ವಿದ್ಯುತ್ ರೋಧದ್ದು, ಚದರಕ್ಕೆ ಸುಮಾರು ಅಷ್ಟು ಓಮ್. ಬೆಳಕು ಎಷ್ಟು ಚದುರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಟೆಕ್ 15ರ ಹೇಜ್ ಶೇ 1ನ್ನೂ ಮುಟ್ಟುವುದಿಲ್ಲ. ಬೆಳಕನ್ನು ಪದರದೊಳಗೇ ಹಿಡಿದಿಡಬೇಕಾದಲ್ಲಿ ಅದನ್ನು ಹಾಕಿ ಕರೆಂಟ್ ಸಾಲದು ಎಂದರೆ ತಪ್ಪು ಗಾಜಿನದಲ್ಲ.

ಮಾಹಿತಿ ಹಾಳೆಯಲ್ಲಿ ಹೇಜನ್ನು 550 ನ್ಯಾನೋಮೀಟರ್ ತರಂಗಾಂತರದಲ್ಲಷ್ಟೇ ಕೊಟ್ಟಿದ್ದರೆ ಹುಷಾರು. 300 ನ್ಯಾನೋಮೀಟರ್ ದಪ್ಪದ ಐ-ಪದರ (ಕೋಶದಲ್ಲಿ ಬೆಳಕು ಹೀರುವ ಸಿಲಿಕಾನ್ ಪದರ) ಆ ಬೆಳಕಿನ ಬಹುಪಾಲನ್ನು ಒಮ್ಮೆ ಹೋಗಿಬರುವಷ್ಟರಲ್ಲಿ ಹೀರಿ ಮುಗಿಸಿರುತ್ತದೆ, ಚದುರಿಸಿ ಹೆಚ್ಚೇನೂ ಗಿಟ್ಟದು. ಕೊರತೆ ಇರುವುದು 600ರಿಂದ 750ರ ನಡುವೆ. ಎಫ್‌ಟಿಒದ ಸಣ್ಣ ಪಿರಮಿಡ್‌ಗಳಂಥ ಉಬ್ಬುಗಳ ಮೈ ಅಲ್ಲಿಗೆ ಬರುವಷ್ಟರಲ್ಲಿ ಚದುರಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಪದರ ದಪ್ಪ ಮಾಡೋಣವೆಂದರೆ ಬೆಳಕು ಬಿದ್ದಂತೆ ಕೋಶದ ದಕ್ಷತೆ ಇಳಿಸುವ, 1977ರಿಂದ ಗೊತ್ತಿರುವ ಸ್ಟೇಬ್ಲರ್–ರಾನ್ಸ್ಕಿ ಸವಕಳಿ ಕಾದಿರುತ್ತದೆ. ಹಾಗಾಗಿ 400ರಿಂದ 800ರವರೆಗಿನ ಪೂರ್ತಿ ಹೇಜ್ ರೇಖೆಯನ್ನೇ ಕೇಳಿ ಪಡೆಯಿರಿ.

ನೀವೇ ಅಳೆಯುವುದಾದರೆ ಇಂಟಿಗ್ರೇಟಿಂಗ್ ಸ್ಫಿಯರ್ (ಚದುರಿದ ಬೆಳಕನ್ನೆಲ್ಲ ಕೂಡಿಸಿ ಅಳೆಯುವ ಟೊಳ್ಳು ಗೋಳ) ಬೇಕೇ ಬೇಕು. ಒರಟು ಮೈ ಗೋಳದ ಕಡೆಗಿದ್ದು ಬಾಯಿಗೆ ಅಂಟಿಕೊಂಡಿರಲಿ. ಆದರೂ ಗಾಜಿನೊಳಗೆ ಸಿಕ್ಕಿಬಿದ್ದ ಬೆಳಕು ಅಂಚಿನಿಂದ ಸೋರಿ, ಲೇಪನವೇ ಹೀರಿತೇನೋ ಎಂಬ ಸುಳ್ಳು ಲೆಕ್ಕ ಕೊಡುತ್ತದೆ. ಲೇಪನದ ನಿಜವಾದ ಹೀರಿಕೆ ಬೇಕಿದ್ದರೆ ಡೈಅಯೊಡೊಮೀಥೇನ್ ಹನಿಯೊಂದನ್ನು ಇಟ್ಟು, ಮೇಲೆ ತೆಳು ಗಾಜು ಮುಚ್ಚಿ ಅಳೆಯಿರಿ. ಬೆಳಕನ್ನು ಸುಮಾರು ಲೇಪನದಷ್ಟೇ ಬಗ್ಗಿಸುವ ಈ ದ್ರವ ತಗ್ಗುಗಳನ್ನು ತುಂಬುವುದರಿಂದ ಒರಟುತನದ ಆಟ ಅಲ್ಲಿಗೆ ನಿಲ್ಲುತ್ತದೆ.

ಈ ಗಾಜಿನ ದೊಡ್ಡ ಕೊರತೆ, ಸಿಲಿಕಾನ್ ಬೆಳೆಸುವಾಗಿನ ಹೈಡ್ರೋಜನ್ ಪ್ಲಾಸ್ಮಾವನ್ನು (ವಿದ್ಯುತ್ತಿನಿಂದ ಅಯಾನುಗೊಂಡ ಅನಿಲ) ತಾಳದಿರುವುದು. ಟಿನ್ ಆಕ್ಸೈಡ್ ಅದರಲ್ಲಿ ಲೋಹದ ತವರವಾಗಿ ಗಾಜು ಕಂದುತ್ತದೆ, ಬೆಳಕು ಬಾಗಿಲಲ್ಲೇ ನಷ್ಟ. ಮೇಲೆ 10–20 ನ್ಯಾನೋಮೀಟರ್ ಸತುವಿನ ಆಕ್ಸೈಡ್ ಹೊದಿಸಿದರೆ ಪಾರಾಗಬಹುದು. ಹೈಡ್ರೋಜನ್ ಹೆಚ್ಚು ಬೇಡುವ ಮೈಕ್ರೋಕ್ರಿಸ್ಟಲೈನ್‌ಗೆ ಎಫ್‌ಟಿಒ ಬಿಟ್ಟು, ಅಲ್ಯೂಮಿನಿಯಂ ಬೆರೆತ ಸತುವಿನ ಆಕ್ಸೈಡನ್ನು ಸುಮಾರು 800 ನ್ಯಾನೋಮೀಟರ್ ದಪ್ಪ ಸ್ಪಟರ್ ಮಾಡಿ (ನಿರ್ವಾತದಲ್ಲಿ ಅಯಾನುಗಳಿಂದ ಸಿಡಿಸಿ ಕೂರಿಸಿ), ಶೇ 0.5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 30–50 ಸೆಕೆಂಡ್ ಅದ್ದುವುದೇ ಮೇಲು. ಮೈಕ್ರಾನ್ ಅಗಲದ ಬಟ್ಟಲಿನಂಥ ಗುಳಿಗಳು ಮೂಡುತ್ತವೆ, ಕೆಂಪು ಬೆಳಕೂ ಚೆನ್ನಾಗಿ ಚದುರುತ್ತದೆ. ಕೈ ತಡವಾದರೆ ಲೇಪನ ತೆಳುವಾಗಿ ರೋಧ ಏರುತ್ತದೆ.

ಒರಟು ಹೆಚ್ಚಿದಷ್ಟೂ ಒಳ್ಳೆಯದೆಂಬ ನಂಬಿಕೆ ಬೇಡ. ಕಣಿವೆ ಚೂಪಾಗಿದ್ದರೆ ಎರಡು ಕಡೆಯಿಂದ ಬೆಳೆದ ಸಿಲಿಕಾನ್ ನಡುವೆ ಸರಿಯಾಗಿ ಕೂಡದೆ ಬಿರುಕು ಬಿಡುತ್ತದೆ. ಕರೆಂಟ್ ಏರಿದರೂ ಓಪನ್ ಸರ್ಕ್ಯೂಟ್ ವೋಲ್ಟೇಜ್ (ಕರೆಂಟ್ ಹರಿಯದಿದ್ದಾಗಿನ ವೋಲ್ಟೇಜ್), ಫಿಲ್ ಫ್ಯಾಕ್ಟರ್ (ಆ ವೋಲ್ಟೇಜ್ ಮತ್ತು ಗರಿಷ್ಠ ಕರೆಂಟಿನ ಗುಣಲಬ್ಧದಲ್ಲಿ ನಿಜಕ್ಕೂ ಸಿಗುವ ಶಕ್ತಿಯ ಪಾಲು) ಎರಡೂ ಕುಸಿಯುತ್ತವೆ. ಕರೆಂಟ್ ಒಂದನ್ನೇ ನೋಡಿ ಗಾಜು ಮೆಚ್ಚಬೇಡಿ.

ಕೋಶದ ಹಿಂಬದಿಗೆ 80 ನ್ಯಾನೋಮೀಟರ್ ಸತುವಿನ ಆಕ್ಸೈಡ್, ಆಮೇಲೆ ಬೆಳ್ಳಿ. ನಡುವಿನ ಪದರ ಬಿಟ್ಟರೆ ಒರಟು ಬೆಳ್ಳಿಯೇ ಬೆಳಕನ್ನು ನುಂಗುತ್ತದೆ.

ಸಿಲಿಕಾನ್ ಬೆಳೆಸುವ ಚೇಂಬರಿಗೆ ಗಾಜು ಹಾಕುವ ಮುನ್ನ ಯಾವ ಮೈಗೆ ಲೇಪನವಿದೆಯೆಂದು ಮಲ್ಟಿಮೀಟರ್‌ನಿಂದ ಮೂಲೆಯಲ್ಲಿ ಮುಟ್ಟಿ ನೋಡಿ. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು.