ಮಲೆನಾಡಿನ ಮಳೆಗಾಲದಲ್ಲಿ ‘ಬ್ಲ್ಯಾಕ್ ಸ್ಯಾಬತ್’

ಬ್ಲ್ಯಾಕ್ ಸ್ಯಾಬತ್ ಎಂಬ ರಾಕ್ ತಂಡದ, ಅದೇ ಹೆಸರಿನ ಮೊದಲ ಆಲ್ಬಂ ಮಳೆಯಿಂದ ಶುರುವಾಗುತ್ತದೆ. ಅರ್ಧ ನಿಮಿಷಕ್ಕೂ ತುಸು ಹೆಚ್ಚು ಹೊತ್ತು ಮಳೆ, ಗುಡುಗು ಮತ್ತು ದೂರದ ಚರ್ಚಿನ ಘಂಟೆಯ ಹೊರತು ಬೇರೇನೂ ಕೇಳಿಸುವುದಿಲ್ಲ. ಆಮೇಲೆ ಗಿಟಾರು, ಬೇಸ್ ಎಂಬ ತಗ್ಗುದನಿಯ ಗಿಟಾರು, ಡ್ರಮ್ಸ್ ಮೂರೂ ಒಟ್ಟಿಗೆ ಎರಗುತ್ತವೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡಿರುವ ನಮ್ಮ ಜಿಲ್ಲೆಯವರನ್ನು ಮಳೆಯ ಸದ್ದಿನಿಂದ ಹೆದರಿಸುವುದು ಸುಲಭವಲ್ಲ. ಈ ಸದ್ದಂತೂ ಹಾಡುಗಳ ಧ್ವನಿಮುದ್ರಣವೆಲ್ಲ ಮುಗಿದ ಮೇಲೆ ಸ್ಟುಡಿಯೋದವರು ಸೇರಿಸಿದ್ದು, ಮಲೆನಾಡಿನ ಕಿವಿಗೆ ಸ್ವಲ್ಪ ಸಪ್ಪೆಯೇ ಅನ್ನಿಸುವಂಥದ್ದು. ಆದರೂ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಮೆಟಲ್ ಎಂಬ ಭಾರದ ರಾಕ್ ಸಂಗೀತದ ಹುಚ್ಚು ಹತ್ತಿಸಿಕೊಂಡ ನನ್ನ ಪರಿಚಯದವರೆಲ್ಲ ಈ ಆಲ್ಬಮ್ಮನ್ನು ಹೊರಗೆ ತೆಗೆಯುವುದು ಹೆಚ್ಚಾಗಿ ಜೂನ್ ಕಳೆದ ಮೇಲೆಯೇ. ಕಿಟಕಿಯಾಚೆಯ ಮಳೆ ಎಲ್ಲಿ ಮುಗಿಯಿತು, ಆಲ್ಬಮ್ಮಿನ ಮಳೆ ಎಲ್ಲಿ ಶುರುವಾಯಿತು ಎಂದು ತಿಳಿಯದ ಆ ಗಳಿಗೆಗಾಗಿ ಎಂಬುದು ಅವರು ಕೊಡುವ ಕಾರಣ, ನನಗೂ ಒಪ್ಪಿಗೆಯಾಗುವ ಕಾರಣ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನ ನಾಲ್ವರು ಹುಡುಗರು, ಅಂದರೆ ಹಾಡುಗಾರ ಓಝಿ ಆಸ್ಬರ್ನ್, ಗಿಟಾರಿನ ಟೋನಿ ಅಯೋಮಿ, ಬೇಸಿನ ಗೀಜರ್ ಬಟ್ಲರ್ ಮತ್ತು ಡ್ರಮ್ಸಿನ ಬಿಲ್ ವಾರ್ಡ್, 1969ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ ಒಂದೇ ದಿನ ಕೂತು ಇದನ್ನು ನುಡಿಸಿ ಎದ್ದುಬಂದರು. ನಿರ್ಮಾಪಕರು ರಾಜರ್ ಬೇನ್. ವೇದಿಕೆಯ ಮೇಲೆ ನುಡಿಸುತ್ತಿದ್ದುದನ್ನೇ ಇಲ್ಲಿಯೂ ನುಡಿಸಿದ್ದರಿಂದ ತಿದ್ದಿ ತೀಡುವ ವ್ಯವಧಾನ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ. 1970ರ ಫೆಬ್ರವರಿ 13ರ ಶುಕ್ರವಾರ ವರ್ಟಿಗೊ ಕಂಪನಿ ಆಲ್ಬಮ್ಮನ್ನು ಬಿಡುಗಡೆ ಮಾಡಿತು. ಅಂದಿನ ವಿಮರ್ಶಕರಲ್ಲಿ ಬಹಳಷ್ಟು ಮಂದಿ ಮೂಗು ಮುರಿದರು. ಜನ ಮಾತ್ರ ಕೊಂಡುಕೊಂಡರು. ಬ್ರಿಟನ್ನಿನ ಪಟ್ಟಿಯಲ್ಲಿ 8ನೆಯ, ಅಮೆರಿಕದ ಪಟ್ಟಿಯಲ್ಲಿ 23ನೆಯ ಸ್ಥಾನದವರೆಗೆ ಏರಿದ ಈ ಆಲ್ಬಮ್ಮನ್ನು ಹೆವಿ ಮೆಟಲ್ಲಿನ ಮೊದಲ ಆಲ್ಬಂ ಎಂದು ಇವತ್ತು ಹೆಚ್ಚಿನವರು ಒಪ್ಪುತ್ತಾರೆಂದರೆ, ಆ ಪಟ್ಟವನ್ನು ಮೊದಲು ಕಟ್ಟಿದವರು ಅಭಿಮಾನಿಗಳೇ.

ಅಭಿಮಾನಿಗಳು ಹೊಗಳುವುದೆಲ್ಲವೂ ಸರಿಯಾದ ಕಾರಣಕ್ಕೇ ಎಂದು ಮಾತ್ರ ನಾನು ಹೇಳಲಾರೆ. ಅಬ್ಬರ, ವೇಗ, ಸೈತಾನ ಎಂಬ ಮೂರು ಮಾತು ಅವರ ಬಾಯಲ್ಲಿ ಮೊದಲು ಬರುತ್ತವೆ. ಆದರೆ ಆಲ್ಬಮ್ಮಿನ ಹೆಸರನ್ನೇ ಹೊತ್ತ ಮೊದಲ ಹಾಡು ಅದರ ಬಹುಭಾಗದಲ್ಲಿ ವಿಳಂಬದ್ದು. ಒಂದು ಸ್ವರಕ್ಕೂ ಇನ್ನೊಂದು ಸ್ವರಕ್ಕೂ ನಡುವೆ ಬಿಟ್ಟಿರುವ ಜಾಗದಲ್ಲೇ ಅದರ ಭಾರವೆಲ್ಲ ಇದೆ.

ಆ ಹಾಡಿನ ಮುಖ್ಯ ಪಲುಕು ಬರೀ ಮೂರು ಹೆಜ್ಜೆಯದು: ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ, ಅಂದರೆ ಪಂಚಮಕ್ಕೆ ಒಂದೇ ಮೆಟ್ಟಿಲು ಕೆಳಗಿನ ‘ಮ’. ಶಿವಮೊಗ್ಗದಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಮಕ್ಕಳಿಗೆ ಪಿಟೀಲು ಪಾಠ ಹೇಳುವ ಮೇಷ್ಟ್ರೊಬ್ಬರಿದ್ದಾರೆ. ಅವರಿಗೆ ಇದನ್ನು ಕೇಳಿಸಿದಾಗ ಮುಖ ಸಿಂಡರಿಸುತ್ತಾರೆ ಎಂದುಕೊಂಡಿದ್ದವನಿಗೆ ಸಿಕ್ಕ ಉತ್ತರವೇ ಬೇರೆ. ಕಣ್ಣು ಮುಚ್ಚಿಕೊಂಡು ಎರಡು ಆವರ್ತ ಕೇಳಿದ ಮೇಲೆ, “ಪ್ರತಿ ಮಧ್ಯಮ ಅಲ್ವೇನಯ್ಯಾ? ಪಂಚಮಕ್ಕೆ ಹೋಗ್ತಾನೆ ಹೋಗ್ತಾನೆ ಅಂತ ನೋಡ್ತಾ ಇದ್ದೆ, ಪುಣ್ಯಾತ್ಮ ಅಲ್ಲೇ ನಿಂತ್ಬಿಟ್ನಲ್ಲ!” ಎಂದರು. ಈ ಹಾಡಿನ ಬಗ್ಗೆ ಇದಕ್ಕಿಂತ ಚುಟುಕಾದ, ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಬೇರೆಲ್ಲೂ ಓದಿಲ್ಲ.

ಷಡ್ಜಕ್ಕೂ ಪ್ರತಿ ಮಧ್ಯಮಕ್ಕೂ ನಡುವಿನ ಈ ಅಂತರವನ್ನು ಯುರೋಪಿನ ಸಂಗೀತಶಾಸ್ತ್ರದವರು ಸೈತಾನನ ಸ್ವರಾಂತರ ಎಂದು ಕರೆದದ್ದುಂಟು. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆಯನ್ನು ಅಭಿಮಾನಿಗಳು ಬಣ್ಣ ಕಟ್ಟಿ ಹೇಳುತ್ತಾರಾದರೂ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ನಮ್ಮ ಕರ್ನಾಟಕ ಸಂಗೀತ ಪದ್ಧತಿಯಲ್ಲಿ ಎಪ್ಪತ್ತೆರಡು ಮೇಳಕರ್ತಗಳ, ಅಂದರೆ ಮೂಲ ರಾಗಗಳ ಪೈಕಿ ಸರಿಯಾಗಿ ಅರ್ಧದಷ್ಟು, ಮೂವತ್ತಾರು, ಪ್ರತಿ ಮಧ್ಯಮದವೇ. ಕಲ್ಯಾಣಿ ರಾಗದಲ್ಲಿ ಅದು ಮಂಗಳಕರವಾಗಿ ಕೇಳಿಸುತ್ತದೆಯೇ ಹೊರತು ಯಾರೂ ಬೆಚ್ಚಿಬೀಳುವುದಿಲ್ಲ. ಹಾಗಿದ್ದರೆ ಇದೇ ಸ್ವರ ಇಲ್ಲಿ ಯಾಕೆ ಎದೆಯ ಮೇಲೆ ಕೂರುತ್ತದೆ? ಪಂಚಮ ಇಲ್ಲದ್ದರಿಂದ ಎನ್ನುವಂತಿಲ್ಲ, ಹಂಸಾನಂದಿಯಲ್ಲೂ ಪಂಚಮವಿಲ್ಲ. ಆದರೆ ಹಂಸಾನಂದಿಯಲ್ಲಿ ಮಧ್ಯಮವನ್ನು ಆಚೀಚೆಯಿಂದ ಹಿಡಿದುಕೊಳ್ಳಲು ಗಾಂಧಾರವಿದೆ, ಧೈವತವಿದೆ. ಇಲ್ಲಿ ಅಯೋಮಿ ಷಡ್ಜವನ್ನೂ ಪ್ರತಿ ಮಧ್ಯಮವನ್ನೂ ಬಿಟ್ಟು ಉಳಿದೆಲ್ಲವನ್ನೂ ತೆಗೆದುಹಾಕಿದ್ದಾರೆ. ಆ ಮಧ್ಯಮವನ್ನು ನಡುಗಿಸುತ್ತಾ ಹಿಡಿದು, ಬಿಡುಗಡೆ ಕೊಡದೆ, ಮತ್ತೆ ಮೊದಲಿನ ಷಡ್ಜಕ್ಕೆ ಬೀಳುತ್ತಾರೆ. ಗುಸ್ತಾವ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಯೋಜಕ ಗ್ರಹಗಳ ಕುರಿತು ರಚಿಸಿದ ವಾದ್ಯಕೃತಿಯ ‘ಮಂಗಳ’ ಭಾಗವನ್ನು ಬಟ್ಲರ್ ತಾಲೀಮಿನಲ್ಲಿ ಬೇಸ್ ಮೇಲೆ ನುಡಿಸುತ್ತಿದ್ದುದು ಈ ಪಲುಕಿಗೆ ಪ್ರೇರಣೆಯಾಯಿತಂತೆ. ನಾಲ್ಕೂವರೆ ನಿಮಿಷದ ಸುಮಾರಿಗೆ ಹಾಡು ಇದ್ದಕ್ಕಿದ್ದಂತೆ ಓಟಕ್ಕೆ ಬೀಳುತ್ತದೆ. ಮುಂದೆ ಒಂದು ಇಡೀ ತಲೆಮಾರಿನ ಮೆಟಲ್ ತಂಡಗಳು ಈ ಓಟವನ್ನೇ ಬಂಡವಾಳ ಮಾಡಿಕೊಂಡವು. ನನಗೆ ಮಾತ್ರ ಅದಕ್ಕೆ ಮುಂಚಿನ ಭಾಗವೇ ಹೆಚ್ಚು.

ಈ ಹಾಡಿನ ಮಾತುಗಳಲ್ಲಿ ಸೈತಾನನ ಹೊಗಳಿಕೆ ಎಲ್ಲೂ ಇಲ್ಲ. ಕಪ್ಪು ಆಕೃತಿಯೊಂದು ತನ್ನತ್ತ ಬೆರಳು ತೋರುತ್ತಿರುವುದನ್ನು ಕಂಡವನು ದೇವರಿಗೆ ಮೊರೆಯಿಡುತ್ತಾನೆ, ಅಷ್ಟೆ. ಬಟ್ಲರ್ ಒಂದು ರಾತ್ರಿ ಎಚ್ಚರವಾದಾಗ ಹಾಸಿಗೆಯ ಬುಡದಲ್ಲಿ ಕಪ್ಪಗೆ ಏನೋ ನಿಂತಿತ್ತು ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಹಾಡು ಹುಟ್ಟಿದ್ದು ಅಲ್ಲಿಂದ. ಚೌಡಿ ಬನದ ಪಕ್ಕದ ಕಾಲುದಾರಿಯಲ್ಲಿ ಹೊತ್ತು ಮುಳುಗಿದ ಮೇಲೆ ಒಬ್ಬರೇ ನಡೆದು ಬಂದವರಿಗೆ, ಹಿಂದೆ ತಿರುಗಿ ನೋಡಬಾರದು ಎಂದು ಅಜ್ಜಿ ಹೇಳಿದ್ದು ನೆನಪಾದವರಿಗೆ, ಈ ಭಯವನ್ನು ಯಾರೂ ವಿವರಿಸಬೇಕಾಗಿಲ್ಲ. ಓಝಿಯ ಕಂಠ ದೊಡ್ಡ ಗಾಯಕನ ಕಂಠವಲ್ಲ. ತಗ್ಗುಸ್ಥಾಯಿಯಲ್ಲಿ ಅದು ಬಲಗುಂದುತ್ತದೆ, ಗಮಕ ಗಿಮಕ ಏನೂ ಇಲ್ಲ. ಆದರೆ ಹೆದರಿದ ಮನುಷ್ಯನ ದನಿ ಹೇಗಿರಬೇಕೋ ಹಾಗೆ ಇದೆ. ತರಬೇತಿ ಪಡೆದವನೊಬ್ಬ ಇದನ್ನು ಹಾಡಿದ್ದರೆ ಹಾಡು ಕೆಡುತ್ತಿತ್ತು.

ಅಭಿಮಾನಿಗಳ ನಡುವೆ ಚಾಲ್ತಿಯಲ್ಲಿರುವ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಬಿಡಿಸಬೇಕು. ಅಯೋಮಿ ಎಡಗೈ ವಾದಕ. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಕೆಲಸದಲ್ಲಿ ಬಲಗೈಯ ಎರಡು ಬೆರಳುಗಳ ತುದಿ ಕತ್ತರಿಸಿಹೋದವು. ಅಂದರೆ ತಂತಿ ಒತ್ತುವ ಕೈಯೇ ಹೋಯಿತು. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ, ಬೆರಳ ತುದಿಗೆ ಟೊಪ್ಪಿಗೆಯಂತೆ ಹೊಂದಿಸಿ, ಮೇಲೆ ತೊಗಲು ಅಂಟಿಸಿಕೊಂಡು, ತೆಳು ತಂತಿಗಳನ್ನು ಹಾಕಿಕೊಂಡು ಆತ ಮತ್ತೆ ನುಡಿಸತೊಡಗಿದರು. ಇದು ನಿಜ. ಬೆರಳಿಗೆ ನೋವಾಗದಂತೆ ತಂತಿಯ ಶ್ರುತಿಯನ್ನು ಇಳಿಸಿದ್ದೇ ಈ ಆಲ್ಬಮ್ಮಿನ ಭಾರಕ್ಕೆ ಕಾರಣ ಎನ್ನುವುದು ಮಾತ್ರ ನಿಜವಲ್ಲ. ಶ್ರುತಿಯನ್ನು ಮೂರು ಸ್ಥಾನ ಇಳಿಸಿದ್ದು 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನಲ್ಲಿ. ಇಲ್ಲಿ ಗಿಟಾರು ಎಲ್ಲರೂ ಇಟ್ಟುಕೊಳ್ಳುವ ಶ್ರುತಿಯಲ್ಲೇ ಇದೆ. ಭಾರ ಬಂದದ್ದು ನಡೆಯಿಂದ, ಗಿಟಾರಿನ ಜೊತೆಗೇ ಹೆಜ್ಜೆ ಹಾಕುವ ಬಟ್ಲರರ ಬೇಸಿನಿಂದ ಮತ್ತು ಜಾಝ್ ಕೇಳಿ ಬೆಳೆದ ವಾರ್ಡ್ ಪೆಟ್ಟುಗಳ ನಡುವೆ ಇಟ್ಟ ನಿಲುಗಡೆಗಳಿಂದ. ಬಡಗುತಿಟ್ಟಿನ ಆಟದಲ್ಲಿ ಬಣ್ಣದ ವೇಷ ಪರದೆಯ ಹಿಂದೆ ಇರುವಾಗ ಚಂಡೆ ನಿಂತು ನಿಂತು ಬೀಳುವುದನ್ನು ಕೇಳಿದವರಿಗೆ ವಾರ್ಡ್ ಏನು ಮಾಡುತ್ತಿದ್ದಾರೆಂಬುದು ತಕ್ಷಣ ಹೊಳೆಯುತ್ತದೆ.

ಉಳಿದ ಹಾಡುಗಳು ಒಂದೇ ಮಟ್ಟದಲ್ಲಿಲ್ಲ. ‘ದಿ ವಿಝರ್ಡ್’ ಓಝಿಯ ಹಾರ್ಮೋನಿಕಾದಿಂದ ಲವಲವಿಕೆಯಾಗಿದೆ. ‘ಬಿಹೈಂಡ್ ದಿ ವಾಲ್ ಆಫ್ ಸ್ಲೀಪ್’ ಚೆನ್ನಾಗಿದೆ, ಅದಕ್ಕಿಂತ ಹೆಚ್ಚು ಹೇಳುವುದಕ್ಕಿಲ್ಲ. ‘ಎನ್.ಐ.ಬಿ.’ ಮಾತ್ರ ಮೊದಲ ಹಾಡಿನ ಜೊತೆ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತದೆ: ಬೇಸಿನ ಒಂಟಿ ಆಲಾಪ, ಅದರ ಬೆನ್ನಿಗೆ ಕುಣಿಸುವ ಪಲುಕು, ಪ್ರೀತಿಯಲ್ಲಿ ಬಿದ್ದ ಸೈತಾನನ ಬಾಯಿಂದ ಬರುವ ನಿವೇದನೆ. ಈ ಮೂರು ಅಕ್ಷರಗಳಿಗೆ ಅಭಿಮಾನಿಗಳು ಗೂಢಾರ್ಥಗಳನ್ನು ಹುಡುಕಿ ಹುಡುಕಿ ಹಚ್ಚಿದರು. ವಾರ್ಡ್ ಅವರ ಗಡ್ಡ ಪೆನ್ನಿನ ನಿಬ್ಬಿನಂತೆ ಕಾಣುತ್ತಿತ್ತು ಎಂಬ ತಮಾಷೆಯೇ ಹೆಸರಾಯಿತು ಎಂದು ತಂಡದವರು ಹೇಳಿದ ಮೇಲೂ ಹುಡುಕಾಟ ನಿಂತಿಲ್ಲ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕಿನಲ್ಲಿ ನಾಲ್ವರೂ ಕೊನೆಯ ಬಾರಿ ಒಟ್ಟಿಗೆ ವೇದಿಕೆ ಹತ್ತಿದಾಗ ಈ ಆಲ್ಬಮ್ಮಿನಿಂದ ನುಡಿಸಿದ್ದು ಇದೊಂದನ್ನೇ. ಅದೇ ತಿಂಗಳ 22ರಂದು ಓಝಿ ತೀರಿಕೊಂಡರು. ನಮ್ಮಲ್ಲಿ ಅದು ಪುಷ್ಯ ಮಳೆಯ ಕಾಲ. ವಾರಗಟ್ಟಲೆ ಗೆಳೆಯರ ವಾಟ್ಸ್ಆ್ಯಪ್ ಸ್ಟೇಟಸ್ಸುಗಳಲ್ಲಿ ಇದೇ ಆಲ್ಬಮ್ಮಿನ ಹೊದಿಕೆ ಕಾಣುತ್ತಿತ್ತು.

ಎರಡನೆಯ ಬದಿಗೆ ಬಂದರೆ ಹುರುಪು ಇಳಿಯುತ್ತದೆ. ‘ಈವಿಲ್ ವುಮನ್’ ಅಮೆರಿಕದ ಕ್ರೋ ಎಂಬ ತಂಡದ ಹಾಡು. ಮಾರುಕಟ್ಟೆಗಾಗಿ ಸೇರಿದ್ದು, ಹಾಗೆಯೇ ಕೇಳಿಸುತ್ತದೆ. ಅಮೆರಿಕದ ಆವೃತ್ತಿಯಲ್ಲಿ ಅದರ ಜಾಗಕ್ಕೆ ತಂಡದ್ದೇ ಆದ ‘ವಿಕೆಡ್ ವರ್ಲ್ಡ್’ ಬಂದದ್ದರಿಂದ ಅಲ್ಲಿನ ಕೇಳುಗರು ಅದೃಷ್ಟವಂತರು. ‘ಸ್ಲೀಪಿಂಗ್ ವಿಲೇಜ್’ ಆರಂಭದಲ್ಲಿ ನಿರ್ಮಾಪಕ ಬೇನ್ ನುಡಿಸಿದ ಮೋರ್ಸಿಂಗ್ ಇದೆ. ಮೃದಂಗದ ಪಕ್ಕದಲ್ಲಿ ಅದನ್ನು ಕೇಳಿ ಅಭ್ಯಾಸವಾದವರಿಗೆ ಇಲ್ಲಿ, ಲಯ ಹಿಡಿಯುವ ಗೊಡವೆಯಿಲ್ಲದೆ, ಸುಮ್ಮನೆ ಗುಂಯ್‌ಗುಡುವ ಮೋರ್ಸಿಂಗ್ ವಿಚಿತ್ರ ಸುಖ ಕೊಡುತ್ತದೆ. ಹತ್ತು ನಿಮಿಷ ದಾಟುವ ‘ವಾರ್ನಿಂಗ್’ ಕೂಡ ಬೇರೆಯವರ ಹಾಡೇ. ಅದರ ನಡುವಿನ ಗಿಟಾರು ವಿಸ್ತಾರವನ್ನು ಅಭಿಮಾನಿಗಳು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ. ನನಗೆ ಅದರಲ್ಲಿ ಅರ್ಧ ಸಾಕಿತ್ತು. ಆ ಹಾಡಿನ ನಡುವೆ ಕರೆಂಟು ಹೋದಾಗ ನನಗೆ ಬೇಸರವಾಗುವುದಿಲ್ಲ.

ಹೊದಿಕೆಯ ವಿಷಯ. ಥೇಮ್ಸ್ ನದಿಯ ದಡದ ಮೇಪಲ್‌ಡರಂ ಎಂಬಲ್ಲಿನ ಹಳೆಯ ನೀರುಗಿರಣಿ, ಅದರ ಮುಂದೆ ಕಪ್ಪು ಬಟ್ಟೆಯ ಹೆಂಗಸು, ಬಣ್ಣಗೆಟ್ಟ ಗಿಡಗಂಟಿ. ಛಾಯಾಗ್ರಾಹಕ ಕೀತ್ ಮ್ಯಾಕ್‌ಮಿಲನ್. ಹಾಡುಗಳಿಗೆ ಇದಕ್ಕಿಂತ ಹೊಂದುವ ಚಿತ್ರ ಸಿಗುತ್ತಿರಲಿಲ್ಲ. ಒಳಪುಟದ ತಲೆಕೆಳಗಾದ ಶಿಲುಬೆಯನ್ನು ಕಂಪನಿಯವರು ತಂಡಕ್ಕೆ ತಿಳಿಸದೆಯೇ ಹಾಕಿದ್ದರು. ಟೀ ಶರ್ಟುಗಳ ಮೇಲೆ ಇವತ್ತಿಗೂ ಮೆರೆಯುವ ಸೈತಾನನ ಕಥೆಗೆ ಅದರ ಪಾಲು ದೊಡ್ಡದು.

ಕೊಳ್ಳುವವರಿಗೆ ಒಂದೆರಡು ಮಾತು. ಫೋನಿನ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ. ಬೇಸ್ ಪೂರ್ತಿ ಮಾಯವಾಗುತ್ತದೆ, ಬೇಸ್ ಹೋದರೆ ಅರ್ಧ ಆಲ್ಬಂ ಹೋದಂತೆ. ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು. ಎಲ್ಪಿಯ ವ್ಯಾಮೋಹ ಇರುವವರು ಶಿವಮೊಗ್ಗದಲ್ಲಿ ಹುಡುಕಿ ದಣಿಯುವುದಕ್ಕಿಂತ ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಿಕೊಳ್ಳುವುದು ಲೇಸು, ಅದೂ ಮಳೆ ಹಿಡಿಯುವ ಮುನ್ನ. ನನ್ನ ಪ್ರತಿ ಬಂದದ್ದು ಜುಲೈನಲ್ಲಿ, ಒದ್ದೆ ರಟ್ಟಿನ ಪೆಟ್ಟಿಗೆಯಲ್ಲಿ. ಹೊದಿಕೆಯ ಬಲ ಮೂಲೆ ಉಬ್ಬಿಕೊಂಡಿತ್ತು, ಗಿರಣಿಯ ಗೋಡೆಯ ಮೇಲೆ ನೀರಿನ ಕಲೆ. ಚಿತ್ರಕ್ಕೆ ಅದರಿಂದ ನಷ್ಟವೇನೂ ಆಗಿಲ್ಲ ಎನ್ನಿ. ನಮ್ಮ ಕಡೆಯ ಥಂಡಿಗೆ ಹೊದಿಕೆಯ ರಟ್ಟು ಬೂಷ್ಟು ಹಿಡಿಯದಿರಬೇಕಾದರೆ, ಗೋಡೆಗೆ ತಾಗಿಸದೆ ನಿಲ್ಲಿಸಿಡಬೇಕು, ಒಳಗಿನ ಕಾಗದದ ಚೀಲ ತೆಗೆದು ಪ್ಲಾಸ್ಟಿಕ್ಕಿನದು ಹಾಕಬೇಕು, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣಗಳನ್ನು ಎಸೆಯದೆ ಕಪಾಟಿನಲ್ಲಿ ಇಡಬೇಕು. ಹಾಡುಗಳ ಮೇಲೆ ಪ್ರೀತಿ, ಕಾಸಿನ ಮೇಲೆ ಹಿಡಿತ ಎರಡೂ ಇರುವವರಿಗೆ 2009ರಲ್ಲಿ ಬಂದ ಎರಡು ಸಿಡಿಗಳ ಆವೃತ್ತಿ ಸಿಕ್ಕರೆ ಒಳ್ಳೆಯದು. ಅದರಲ್ಲಿ ‘ವಿಕೆಡ್ ವರ್ಲ್ಡ್’ ಇದೆ, ಮೊದಲ ಹಾಡಿನ ಬೇರೊಂದು ಮುದ್ರಣವಿದೆ, ಹಾಡುಗಾರಿಕೆಯಿಲ್ಲದೆ ಬರೀ ವಾದ್ಯಗಳಿರುವ ಮುದ್ರಣವೂ ಇದೆ. ನಾನು ಮೇಷ್ಟ್ರಿಗೆ ಕೊಟ್ಟುಬಂದದ್ದು ಈ ವಾದ್ಯಗಳ ಮುದ್ರಣವನ್ನೇ. ಪೆನ್ ಡ್ರೈವ್ ಇನ್ನೂ ವಾಪಸು ಬಂದಿಲ್ಲ.