ಧಾತುಗಳ ಕಾರ್ಡು ಪೆಟ್ಟಿಗೆ: ಹೆಸರಿನಲ್ಲಿ ಗಟ್ಟಿ, ಅಂಕಿಯಲ್ಲಿ ಸಡಿಲ

ಆವರ್ತ ಕೋಷ್ಟಕದ ಒಂದು ಗೋಡೆಪಟ ಮತ್ತು ಧಾತುವಿಗೊಂದರಂತೆ 118 ಕಾರ್ಡುಗಳಿರುವ ಈ ಪೆಟ್ಟಿಗೆ, ರಸಾಯನಶಾಸ್ತ್ರದ ಮೊದಲ ಪದಗಳನ್ನು ಕನ್ನಡದಲ್ಲಿ ಕಲಿಯುವವರಿಗೆ ಎಷ್ಟು ನೆರವಾಗುತ್ತದೆ ಎಂದು ನೋಡಲು ಒಂದು ತಿಂಗಳು ಬಳಸಿದೆ.

ಕಾರ್ಡುಗಳ ಬಲವಿರುವುದು ಹೆಸರುಗಳ ವಿವರಣೆಯಲ್ಲಿ. ಸೋಡಿಯಂನ ಸಂಕೇತ ‘ಎನ್‌ಎ’ ಏಕೆ, ಪೊಟ್ಯಾಸಿಯಂನದು ‘ಕೆ’ ಏಕೆ ಎಂಬಲ್ಲಿಯೇ ಕಲಿಯುವವರು ಮೊದಲು ಎಡವುತ್ತಾರೆ. ಕಾರ್ಡಿನ ಹಿಂಬದಿಯಲ್ಲಿ ನೇಟ್ರಿಯಂ, ಕೇಲಿಯಂ ಎಂಬ ಲ್ಯಾಟಿನ್ ಮೂಲ ರೂಪಗಳನ್ನು ಕೊಟ್ಟಿರುವುದರಿಂದ ಉರು ಹೊಡೆಯುವ ಕೆಲಸ ಅರ್ಧದಷ್ಟು ತಪ್ಪುತ್ತದೆ. ಕಬ್ಬಿಣಕ್ಕೆ ಫೆರಮ್, ಸೀಸಕ್ಕೆ ಪ್ಲಂಬಮ್ ಇವೆ. ಪಾದರಸದ ಕಾರ್ಡು ಇನ್ನೂ ಸೊಗಸು: ಹೈಡ್ರಾರ್ಜಿರಮ್ ಎಂದರೆ ನೀರಿನಂಥ ಬೆಳ್ಳಿ ಎಂಬುದನ್ನು ಒಮ್ಮೆ ಓದಿದವರು ‘ಎಚ್‌ಜಿ’ಯನ್ನು ಮರೆಯಲಾರರು. ನೀರನ್ನು ಹುಟ್ಟಿಸುವುದು ಜಲಜನಕ ಎಂಬ ಅರ್ಥವೂ ಅದರ ಕಾರ್ಡಿನಲ್ಲಿದೆ. ಆದರೆ ಆಮ್ಲಜನಕದ ಕಾರ್ಡು ‘ಆಮ್ಲವನ್ನು ಹುಟ್ಟಿಸುವುದು’ ಎಂದಷ್ಟೇ ಹೇಳಿ ನಿಲ್ಲುತ್ತದೆ. ಆಮ್ಲಗಳೆಲ್ಲದರಲ್ಲೂ ಈ ಧಾತು ಇರುತ್ತದೆಂದು ನಂಬಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ ಇಟ್ಟ ಹೆಸರಿನ ಅನುವಾದ ಅದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ. ಈ ಒಂದು ಸಾಲು ಸೇರಿಸದಿದ್ದರೆ, ಹಳೆಯ ತಪ್ಪನ್ನೇ ಹೊಸಬರಿಗೆ ಕಲಿಸಿದಂತಾಗುತ್ತದೆ.

ಅಂಕಿಗಳ ವಿಷಯದಲ್ಲಿ ತಯಾರಕರು ಇಷ್ಟು ಶ್ರದ್ಧೆ ವಹಿಸಿಲ್ಲ. ಕ್ಲೋರಿನ್ ಕಾರ್ಡಿನಲ್ಲಿ ‘ರಾಶಿ ಸಂಖ್ಯೆ 35.45’ ಎಂದಿದೆ. ರಾಶಿ ಸಂಖ್ಯೆಯೆಂದರೆ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಒಟ್ಟು ಎಣಿಕೆ. ಎಣಿಕೆಯಲ್ಲಿ ದಶಾಂಶ ಬರುವುದಾದರೂ ಹೇಗೆ? 35 ಮತ್ತು 37 ರಾಶಿ ಸಂಖ್ಯೆಯ ಎರಡು ಐಸೋಟೋಪುಗಳು (ನ್ಯೂಟ್ರಾನ್ ಎಣಿಕೆಯಲ್ಲಷ್ಟೇ ಬೇರೆಯಾದ, ಒಂದೇ ಧಾತುವಿನ ರೂಪಗಳು) ನಿಸರ್ಗದಲ್ಲಿ ಬೆರೆತಿರುವ ಪ್ರಮಾಣಕ್ಕೆ ತಕ್ಕ ಸರಾಸರಿಯಾದ 35.45ನ್ನು ಪರಮಾಣು ರಾಶಿ ಎನ್ನಬೇಕು. ಗೋಡೆಪಟದ ತಪ್ಪು ಇನ್ನೂ ದೊಡ್ಡದು. ಧಾತುಗಳನ್ನು ‘ಪರಮಾಣು ರಾಶಿಯ ಏರಿಕೆಯ ಕ್ರಮದಲ್ಲಿ’ ಜೋಡಿಸಲಾಗಿದೆ ಎಂದು ಅದರ ತಲೆಬರಹ ಸಾರುತ್ತದೆ. 1869ರಲ್ಲಿ ತನ್ನ ಕೋಷ್ಟಕವನ್ನು ರೂಪಿಸಿದ ರಷ್ಯಾದ ಮೆಂಡಲೀವ್ ಹೊರಟದ್ದು ಆ ಆಧಾರದಿಂದಲೇ ಹೌದು. ಆದರೆ ಇದೇ ಪಟದಲ್ಲಿ 39.95ರ ಆರ್ಗಾನ್ 39.10ರ ಪೊಟ್ಯಾಸಿಯಂಗಿಂತ ಮೊದಲು, 127.60ರ ಟೆಲ್ಯೂರಿಯಂ 126.90ರ ಅಯೋಡಿನ್‌ಗಿಂತ ಮೊದಲು ಕುಳಿತಿವೆ. ಬ್ರಿಟನ್ನಿನ ಭೌತವಿಜ್ಞಾನಿ ಮೋಸ್ಲಿ 1913ರಲ್ಲಿ ಎಕ್ಸ್-ಕಿರಣಗಳ ಪ್ರಯೋಗದಿಂದ ತೋರಿಸಿಕೊಟ್ಟ ಪರಮಾಣು ಸಂಖ್ಯೆಯೇ, ಅಂದರೆ ಪ್ರೋಟಾನ್‌ಗಳ ಎಣಿಕೆಯೇ, ಇಂದಿನ ಜೋಡಣೆಯ ಆಧಾರ.

ಪದಬಳಕೆಯಲ್ಲೂ ಒಮ್ಮತವಿಲ್ಲ: ಪಟದಲ್ಲಿ ನೈಟ್ರೋಜನ್, ಕಾರ್ಡಿನಲ್ಲಿ ಸಾರಜನಕ, ಒಂದು ಕಡೆ ಧಾತು, ಇನ್ನೊಂದು ಕಡೆ ಮೂಲವಸ್ತು. ಎರಡೂ ಒಂದೇ ಎಂದು ಎಲ್ಲಿಯೂ ಹೇಳಿಲ್ಲ. ಲೋಹವೇ ಅಲ್ಲದ ಜಲಜನಕಕ್ಕೆ ಸೋಡಿಯಂ, ಪೊಟ್ಯಾಸಿಯಂನಂಥ ಕ್ಷಾರ ಲೋಹಗಳ ಬಣ್ಣವನ್ನೇ ಬಳಿದಿದ್ದಾರೆ. 2016ರಲ್ಲಿ ಹೆಸರು ಪಡೆದ ನಿಹೋನಿಯಂ, ಒಗನೆಸನ್ ಮುಂತಾದವು ಸರಿಯಾಗಿವೆ, ಮುದ್ರಣ ಸ್ಪಷ್ಟವಾಗಿದೆ.

ಹೆಸರು ಮತ್ತು ಸಂಕೇತಗಳನ್ನು ಕಲಿಯುವವರು ಕಾರ್ಡುಗಳಿಗಾಗಿ ಇದನ್ನು ಧಾರಾಳವಾಗಿ ಕೊಳ್ಳಬಹುದು. ಗೋಡೆಪಟವನ್ನು ತೂಗುಹಾಕುವ ಮೊದಲು ನಾನು ತಲೆಬರಹದ ‘ರಾಶಿಯ’ ಎಂಬ ಪದದ ಮೇಲೆ ಕಾಗದ ಅಂಟಿಸಿ ‘ಸಂಖ್ಯೆಯ’ ಎಂದು ಬರೆದೆ.